ಸಿಕ್ಕಿದ್ದು, ಸಾಕಿದ್ದು

ಗುರುವಾರ ಮಧ್ಯಾಹ್ನ ನಾಯಿಗೆ ಇಂಜೆಕ್ಷನ್ ಹಾಕಿಸಿಕೊಂಡು ಬರುತ್ತೇನೆಂದು ಹೋದ ಮಗ, ಸಂಜೆ ಬರೀ ಚೈನು ಹಿಡಿದುಕೊಂಡು ಬಂದ.

ಮನೆಯ ಮುಂದಿನ ಕೋಣೆಯೇ ಲಾಂಡ್ರಿ. ಅಮ್ಮ ಇಸ್ತ್ರಿ ಮೇಜಿನ ಹಿಂದೆ ನಿಂತಿದ್ದಳು. ಬೆಳಿಗ್ಗೆ ಮಗ ತಾನಾಗಿಯೇ "ಈ ಸಲ ನಾನೇ ಕರ್ಕೊಂಡು ಹೋಗ್ತೀನಿ" ಎಂದಾಗ ಅವಳಿಗೆ ಎಷ್ಟು ಸಂತೋಷವಾಗಿತ್ತೆಂದರೆ, ಅವನ ಶರ್ಟಿನ ಕಾಲರಿನ ಮೇಲೆ ಎರಡೆರಡು ಸಲ ಇಸ್ತ್ರಿ ಎಳೆದಿದ್ದಳು. ಎರಡೂವರೆ ವರ್ಷದಲ್ಲಿ ಅವನು ಆ ನಾಯಿಗೆಂದು ಎದ್ದು ನಿಂತದ್ದು ಅದೇ ಮೊದಲು.

"ಎಲ್ಲೋ ಮ್ಯಾನೇಜರ್?"

"ಕೊಟ್ಟೆ."

"ಏನು ಕೊಟ್ಟೆ?"

"ಅದನ್ನೇ ಅಮ್ಮ. ಡಾಕ್ಟರ ಹತ್ರ ಒಬ್ರು ತೋಟದವರು ಸಿಕ್ಕಿದ್ರು. ದೊಡ್ಡ ಜಾಗ. ಇಷ್ಟಪಟ್ಟು ಕೇಳಿದ್ರು. ಈ ಗೂಡಲ್ಲಿ ಇರೋದಕ್ಕಿಂತ ಅಲ್ಲಿ ಓಡಾಡ್ಕೊಂಡು ಇರುತ್ತೆ ಬಿಡು."

ಮಾತು ಕೇಳಿ ಒಳಗಿನಿಂದ ಅಜ್ಜಿ ಬಂದಳು. ಅಪ್ಪನ ತಾಯಿ, ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಯಾರ ಮಾತನ್ನೂ ಮುಖ ನೋಡಿ ನಂಬಿದವಳಲ್ಲ, ಕೈ ನೋಡುತ್ತಿದ್ದಳು. ಮೊಮ್ಮಗನ ಕೈ ನೋಡಿದಳು.

"ಕತ್ತಿನ ಪಟ್ಟೀನೂ ಬಿಚ್ಕೊಂಡು ಬಂದಿದೀಯಲ್ಲೋ."

"ಅವರ ಹತ್ರ ಬೇರೆ ಇದೆಯಂತೆ."

"ಹೆಣ್ಣು ಕೊಟ್ಟೋರು ಮೈಮೇಲಿನ ಬಟ್ಟೆ ಬಿಚ್ಕೊಂಡು ಬರ್ತಾರೇನೋ?"

ಮಗ ಸ್ನಾನಕ್ಕೆ ಹೋದ.

ನಾಯಿಗೆ ಆ ಹೆಸರು ಬಂದದ್ದು ಅಮ್ಮನಿಂದ. ಅವಳಿಗೆ ಗಿರಾಕಿಗಳ ಹೆಸರು ನೆನಪಿರುತ್ತಿರಲಿಲ್ಲ, ಬಟ್ಟೆ ನೆನಪಿರುತ್ತಿತ್ತು. ಹಾಗಾಗಿ ಇಪ್ಪತ್ತು ವರ್ಷದಿಂದ ಎಲ್ಲರನ್ನೂ ಅವರವರ ಕಸುಬಿನಿಂದಲೇ ಕರೆಯುತ್ತಿದ್ದಳು. ಕಪ್ಪು ಕೋಟು ತಂದವರು ವಕೀಲ್ರೇ, ತೋಳಿಗೆ ಸೀಮೆಸುಣ್ಣ ಹತ್ತಿಸಿಕೊಂಡವರು ಮೇಷ್ಟ್ರೇ. ಮರಿ ನಾಯಿ ಬಂದ ಹೊಸದರಲ್ಲಿ ಮೇಜಿನ ಪಕ್ಕದ ಸ್ಟೂಲ್ ಹತ್ತಿ ಕುಳಿತು, ಅವಳು ಮಡಚುವ ಒಂದೊಂದು ಬಟ್ಟೆಯನ್ನೂ ತಲೆ ಓರೆ ಮಾಡಿ ನೋಡುತ್ತಿತ್ತು. "ಮ್ಯಾನೇಜರ್ರು ಬಂದ್ರು, ಕೈ ಚುರುಕು ಮಾಡ್ರಪ್ಪ" ಎಂದಳು ಅಮ್ಮ. ಹೆಸರು ಅಂಟಿಕೊಂಡಿತು. ನಾಯಿಯೂ ಅದಕ್ಕೆ ತಕ್ಕ ಹಾಗೆ ಬೆಳೆಯಿತು. ಬರೀ ಮ್ಯಾನೇಜರ್ ಎಂದರೆ ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ. "ಮ್ಯಾನೇಜರ್ರೇ" ಎಂದು ರಾಗ ಎಳೆದು ಕರೆದರೆ ಮಾತ್ರ ಎದ್ದು ಬರುತ್ತಿತ್ತು.

ತಂದವನು ಮಗನೇ. ಅವನು ಬೈಕ್ ಷೋರೂಮಿನಲ್ಲಿ ಸೇಲ್ಸ್‌ಮನ್. ಜೊತೆಯವನೊಬ್ಬ ಜಾತಿ ನಾಯಿ ಮರಿ ಎಂದು ಮಾರಿದ್ದ. ಮೊದಲ ತಿಂಗಳು ಹೊಸ ಬೈಕಿನ ಟ್ಯಾಂಕಿನ ಮೇಲೆ ಕೂರಿಸಿ ಐವತ್ತು ಫೋಟೊ ತೆಗೆದ. ಆರು ತಿಂಗಳಲ್ಲಿ ಒಂದು ಕಿವಿ ಸೆಟೆದು ನಿಂತಿತು, ಇನ್ನೊಂದು ಮಡಚಿಕೊಂಡೇ ಉಳಿಯಿತು. "ಒಂದು ಕಿವಿ ಜಾತಿದು, ಇನ್ನೊಂದು ಬೀದಿದು" ಎಂದು ಗೆಳೆಯನೊಬ್ಬ ನಕ್ಕ. ಅಲ್ಲಿಗೆ ಫೋಟೊ ನಿಂತಿತು. ಸಾಕುವುದು ಉಳಿದವರ ಪಾಲಿಗೆ ಬಂತು. ಅಪ್ಪ ಲಿಫ್ಟ್ ಮೆಕ್ಯಾನಿಕ್. ಇಡೀ ದಿನ ಕತ್ತಲೆಯ ಹೊಂಡದಲ್ಲಿ ಕೆಲಸ ಮಾಡುವವನು ಬೆಳಿಗ್ಗೆ ಐದಕ್ಕೆ ಎದ್ದು ಅದನ್ನು ನಡೆಸಿಕೊಂಡು ಬರುತ್ತಿದ್ದ. ಊಟ ಅಜ್ಜಿಯದು. ಮೈ ಬಾಚುವುದು, ಗಿರಾಕಿಗಳ ಬಟ್ಟೆಗೆ ಕೂದಲು ಹಾರದಂತೆ ನೋಡಿಕೊಳ್ಳುವುದು ಅಮ್ಮನದು. ಹೋದ ವರ್ಷ ಮದುವೆಯಾಗಿ ಬಂದ ಸೊಸೆ ಔಷಧಿ ಅಂಗಡಿಯಲ್ಲಿ ಬಿಲ್ ಬರೆಯುವವಳು. ಮಡಚಿದ ಕಿವಿಗೆ ಸೋಂಕು ತಗುಲಿದಾಗ ದಿನಕ್ಕೆ ಮೂರು ಸಲ ಹನಿ ಹಾಕಿದವಳು ಅವಳೇ. ಈಗ ಅವಳಿಗೆ ಐದು ತಿಂಗಳು.

ಅಂದು ರಾತ್ರಿ ಅಪ್ಪ ಬಂದು ಸುದ್ದಿ ಕೇಳಿದ. ಮಾರನೆಯ ದಿನ ಐದಕ್ಕೇ ಎದ್ದ, ಚಪ್ಪಲಿ ಹಾಕಿಕೊಂಡ, ಬಾಗಿಲವರೆಗೆ ಹೋಗಿ ವಾಪಸ್ಸು ಬಂದು ಕುರ್ಚಿಯಲ್ಲಿ ಕುಳಿತ.

ಅಜ್ಜಿ ಬಿಡಲಿಲ್ಲ. "ತೋಟದವರ ಫೋನ್ ನಂಬರ್ ಕೊಡು."

"ಷೋರೂಮಿನ ಮೊಬೈಲಲ್ಲಿದೆ ಅಜ್ಜಿ, ಕೊಡ್ತೀನಿ."

"ತೋಟ ಯಾವ ಕಡೆ?"

"ದೂರ."

"ದೂರ ಅನ್ನೋ ಊರು ಯಾವ ದಿಕ್ಕಿಗಿದೆ?"

ಮಗ ಅಮ್ಮನನ್ನು ಒಗೆಯುವ ಕಲ್ಲಿನ ಹತ್ತಿರ ಕರೆದು ದನಿ ತಗ್ಗಿಸಿ ಹೇಳಿದ. "ಅಜ್ಜಿಗೆ ಹೇಳು, ಸುಮ್ನಿರೋಕೆ. ನಿಜ ಹೇಳ್ಬೇಕು ಅಂದ್ರೆ ನಿನ್ನ ಸೊಸೆಗೇ ಆಗ್ತಿರಲಿಲ್ಲ. ಇಂಥ ಟೈಮಲ್ಲಿ ಆ ಕೂದಲು, ವಾಸನೆ. ಅವಳ ಮುಂದೆ ಮಾತೆತ್ಬೇಡ, ನೊಂದ್ಕೋತಾಳೆ."

ಅಮ್ಮ ಮಾತೆತ್ತಲಿಲ್ಲ. ಆದರೆ ಮಾತೆತ್ತದೆ ತೋರಿಸುವ ದಾರಿ ಅಡುಗೆಮನೆಯಲ್ಲಿ ನೂರಿವೆ. ಸೊಸೆಯ ತಟ್ಟೆಗೆ ಬಡಿಸುವಾಗ ಚಮಚದ ಸದ್ದು ಜೋರಾಯಿತು. "ಇನ್ನು ಸ್ವಲ್ಪ ಹಾಕ್ಲಾ" ಎಂಬ ಮಾತು "ಸಾಕಲ್ವಾ" ಎಂದಾಯಿತು. ಸೊಸೆ ಅಂಗಡಿಯಿಂದ ಬಂದು ಬಟ್ಟೆ ಮಡಚಲು ಕೈ ಹಾಕಿದರೆ, "ಬೇಡಮ್ಮ, ಕೂದಲು ಗೀದಲು ಇರುತ್ತೆ" ಎಂದು ಅಮ್ಮ ಬಟ್ಟೆ ಕಿತ್ತುಕೊಂಡಳು. ಸೊಸೆಯೂ ಬಿಗಿಯಾದಳು. ಒಂದು ದಿನ ಅಮ್ಮ ಕೊಟ್ಟ ಹಾಲನ್ನು ಕುಡಿಯದೆ ಹಾಗೇ ಇಟ್ಟು ಹೋದಳು. ಹೀಗೆ ಒಂದು ವಾರ ಕಳೆದು ಎರಡನೆಯದು ನಡೆಯಿತು. ಅಜ್ಜಿ ಮಾತ್ರ ದಿನಾ ಸಂಜೆ ನಾಯಿಯ ಬಟ್ಟಲನ್ನು ತೊಳೆದು ಬೋರಲು ಹಾಕುತ್ತಿದ್ದಳು.

"ಖಾಲಿ ಬಟ್ಟಲು ಯಾಕಜ್ಜಿ ತೊಳೀತೀಯ?" ಎಂದ ಮಗ.

"ನಂಬರ್ ಬರೋವರೆಗೂ ತೊಳೀತೀನಿ."

ಹದಿಮೂರನೆಯ ದಿನ, ಮಂಗಳವಾರ, ಅಮ್ಮ ಮನೆಯವರ ಬಟ್ಟೆ ನೆನೆಹಾಕಲು ಕುಳಿತಳು. ಜೇಬು ನೋಡದೆ ಯಾವ ಬಟ್ಟೆಯನ್ನೂ ನೀರಿಗೆ ಇಳಿಸಬಾರದೆಂಬುದು ಅವಳ ಕಸುಬಿನ ಮೊದಲ ಪಾಠ. ಊರವರ ಜೇಬುಗಳಿಂದ ಅವಳು ಬೀಗದ ಕೈ, ಹಲ್ಲಿನ ಸೆಟ್ಟು, ಬೇರೆಯವರ ಹೆಂಡತಿಗೆ ಬರೆದ ಚೀಟಿ, ಎಲ್ಲ ತೆಗೆದಿದ್ದಳು. ತೆಗೆದು, ಒಂದು ಮಾತೂ ಆಡದೆ ಕೊಟ್ಟಿದ್ದಳು. ಈಗ ಮಗನ ಪ್ಯಾಂಟಿನ ಹಿಂದಿನ ಜೇಬಿನಿಂದ ನಾಲ್ಕಾಗಿ ಮಡಚಿದ ಹಳದಿ ರಸೀದಿಯೊಂದು ಬಂತು.

ಮೇಲೆ 'ಪ್ರಾಣಿ ಆಶ್ರಯ ಕೇಂದ್ರ' ಎಂದು ಅಚ್ಚಾಗಿತ್ತು. ಹಾಗೆಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಸ್ ಡಿಪೋದ ಹಿಂದಿನ ಆ ಷೆಡ್ಡನ್ನು ಎಲ್ಲರೂ ನಾಯಿದೊಡ್ಡಿ ಎನ್ನುತ್ತಿದ್ದರು. ಅದರ ಕೆಳಗೆ ಮಗನ ಅಕ್ಷರ. 'ಗಂಡು. ಕಂದು ಬಣ್ಣ. ಎಡಗಿವಿ ಮಡಚಿದೆ. ಕೊರಳ ಪಟ್ಟಿ ಇಲ್ಲ.' ಅದರ ಮುಂದೆ ಎರಡು ಚೌಕ. 'ಸಾಕಿದ್ದು' ಎಂಬುದರ ಮುಂದಿನ ಚೌಕ ಖಾಲಿ. 'ಸಿಕ್ಕಿದ್ದು' ಎಂಬುದರ ಮುಂದೆ ಗೀಟು. ಎಲ್ಲಿ ಸಿಕ್ಕಿತು ಎಂಬಲ್ಲಿ 'ದಾರಿಯಲ್ಲಿ' ಎಂದು ಬರೆದು ಸಹಿ ಹಾಕಿದ್ದ. ಕೊನೆಯಲ್ಲಿ ಸಣ್ಣ ಅಕ್ಷರ: 'ಸಿಕ್ಕಿದ ನಾಯಿಯನ್ನು ಹದಿನೈದು ದಿನ ಇಟ್ಟುಕೊಳ್ಳಲಾಗುವುದು. ನಂತರ ಆರೋಗ್ಯ, ಸ್ವಭಾವ ನೋಡಿ ತೀರ್ಮಾನಿಸಲಾಗುವುದು.'

ಅಮ್ಮ ಒದ್ದೆ ಕೈಯಲ್ಲೇ ಅದನ್ನು ಅಜ್ಜಿಗೆ ಓದಿ ಹೇಳಿದಳು. "ತೀರ್ಮಾನ ಅಂದ್ರೆ ಏನತ್ತೆ?"

"ಆಸ್ಪತ್ರೇಲಿ ಡಾಕ್ಟ್ರು ಈ ಮಾತು ಅಂದ್ರೆ ನಾವು ಹಾಸಿಗೆ ಬದಲಾಯಿಸೋಕೆ ಹೊಸ ಬಟ್ಟೆ ತೆಗೀತಿದ್ವಿ."

ಅಂದು ಊಟಕ್ಕೆ ಎಲ್ಲರೂ ಕುಳಿತಾಗ ಬಡಿಸಲು ಅಜ್ಜಿಯೇ ನಿಂತಳು. ಮೊಮ್ಮಗನ ತಟ್ಟೆಗೆ ಎರಡು ಮೊಟ್ಟೆ ಹಾಕಿದಳು.

"ಏನಜ್ಜಿ ವಿಶೇಷ? ಎಲ್ಲಿಂದ ಬಂತು?"

"ಸಿಕ್ಕಿತು."

"ಎಲ್ಲಿ?"

"ದಾರೀಲಿ. ಅನ್ನಾನೂ ಸಿಕ್ಕಿತು. ಈ ತಟ್ಟೆ, ಈ ಮನೆ, ನಿಮ್ಮಮ್ಮ ಸೀದು ಸೀದು ದುಡಿದ ದುಡ್ಡು, ಎಲ್ಲಾ ಸಿಕ್ಕಿದ್ದೇ. ನೀನೂ ಎಲ್ಲೋ ಸಿಕ್ಕಿರ್ಬೇಕು. ಹೆತ್ತು ಸಾಕಿದ್ರೆ ಹೀಗಾಗ್ತಿರಲಿಲ್ಲ."

ಅಮ್ಮ ಹಳದಿ ರಸೀದಿಯನ್ನು ಅವನ ತಟ್ಟೆಯ ಪಕ್ಕದಲ್ಲಿಟ್ಟಳು. ಮಗ ಅದನ್ನು ನೋಡಿದ. ಮೊದಲು ಕೇಳಿದ್ದು, "ನನ್ನ ಜೇಬಿಗೆ ಯಾಕೆ ಕೈ ಹಾಕಿದೆ?" ಎಂದು.

"ಊರವರದ್ದಕ್ಕೆಲ್ಲ ಹಾಕ್ತೀನಿ. ನಿಂದು ಬಿಡ್ತೀನಾ?"

"ನಾನೇನು ಕೊಂದುಬಿಟ್ಟು ಬಂದ್ನಾ? ಅಲ್ಲಿ ಊಟ ಹಾಕ್ತಾರೆ, ನೋಡ್ಕೋತಾರೆ. ಸಾಕಿದ್ದು ಅಂತ ಬರೆದ್ರೆ ನೂರು ಪ್ರಶ್ನೆ ಕೇಳ್ತಾರಮ್ಮ. ಯಾಕೆ ಬಿಡ್ತಿದೀರ, ಏನು ಕಷ್ಟ, ಬೇರೆ ಯಾರಿಗಾದ್ರೂ ಕೇಳಿದ್ರಾ. ನಂಗೆ ಅರ್ಧ ಗಂಟೆ ಪರ್ಮಿಷನ್ ಇತ್ತು."

"ಅರ್ಧ ಗಂಟೆ" ಎಂದಳು ಅಜ್ಜಿ. "ನನ್ನ ವಾರ್ಡಿಗೂ ಬರೋರು ನಿನ್ನಂಥೋರು. ಹೆತ್ತ ಅಪ್ಪನ್ನೇ ಗಾಡೀಲಿ ತಂದು, ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ರು, ಯಾರೋ ಪಾಪ ಅಂತ ಬರೆಸಿ ಹೊರಡೋರು. ಮುದುಕ ಹಾಸಿಗೆಯಿಂದ ಕೂಗೋನು, ಮಗಾ, ಹೊರಗೆ ಬಿಸಿಲಿದೆ, ಚಪ್ಪಲಿ ಹಾಕ್ಕೊಂಡು ಹೋಗು ಅಂತ. ಆ ಮುದುಕನಿಗಾದ್ರೂ ಬಾಯಿತ್ತು."

"ನಾನು ಯಾರಿಗೋಸ್ಕರ ಮಾಡ್ದೆ?" ಮಗನ ದನಿ ಏರಿತು. "ಇವಳಿಗೋಸ್ಕರ ತಾನೇ? ಹುಟ್ಟೋ ಮಗೂಗೋಸ್ಕರ ತಾನೇ?"

ಸೊಸೆ ಕೈ ತಟ್ಟೆಯಲ್ಲಿಟ್ಟುಕೊಂಡೇ ತಲೆಯೆತ್ತಿದಳು. "ನಂಗೋಸ್ಕರಾನಾ? ಅತ್ತೇನೇ ಬೇಡ ಅಂದ್ರು ಅಂದ್ರಲ್ಲ ನೀವು. ಗಿರಾಕಿಗಳ ಬಟ್ಟೆಗೆ ಕೂದಲು ಹತ್ತುತ್ತೆ, ಅಮ್ಮನಿಗೆ ಸಾಕಾಗಿದೆ, ಅವರ ಮುಂದೆ ಮಾತೆತ್ಬೇಡ ಅಂತ."

"ನಾನಾ?" ಎಂದಳು ಅಮ್ಮ. "ನಂಗೆ ನಿನ್ನ ಹೆಸರು ಹೇಳಿದ್ನಲ್ಲೇ ಇವನು."

ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಡಿದರು. ಎರಡು ವಾರದ ಚಮಚದ ಸದ್ದು, ಕುಡಿಯದೆ ಬಿಟ್ಟ ಹಾಲು, ಎಲ್ಲದರ ಲೆಕ್ಕ ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು.

"ಒಂದು ಸುಳ್ಳಿಗೆ ಇಬ್ಬರು ಗಿರಾಕಿ" ಎಂದಳು ಅಜ್ಜಿ. "ಸೇಲ್ಸ್‌ಮನ್ ಕೆಲಸ ಚೆನ್ನಾಗಿ ಕಲಿತಿದೀಯ."

ಮಗ ಕೈ ತೊಳೆದು ಬಂದು ಒಂದು ಉಪಾಯ ಹೇಳಿದ. ನಾಳೆ ಹೆಂಗಸರು ದೊಡ್ಡಿಗೆ ಹೋಗಲಿ. ಬೀದಿ ನಾಯಿ ಒಂದನ್ನು ದತ್ತು ತೆಗೆದುಕೊಳ್ಳುತ್ತೇವೆ ಎನ್ನಲಿ. ಎಲ್ಲ ಗೂಡುಗಳನ್ನು ನೋಡಿದ ಹಾಗೆ ಮಾಡಿ ಮ್ಯಾನೇಜರ್‌ನನ್ನೇ ತೋರಿಸಲಿ. ತಮ್ಮದೆಂದು ಮಾತ್ರ ಬಾಯಿ ಬಿಡಬಾರದು. ಸುಳ್ಳು ಬರೆದು ನಾಯಿ ಬಿಟ್ಟವರ ಹೆಸರನ್ನು ದೊಡ್ಡಿಯ ಗೇಟಿನ ಬೋರ್ಡಿನಲ್ಲಿ ಹಾಕುತ್ತಾರೆ. ಆ ಗೇಟಿನ ಮುಂದೆಯೇ ಅವನ ಷೋರೂಮಿನವರೆಲ್ಲ ಬಸ್ ಹತ್ತುವುದು.

ಅಜ್ಜಿ ಒಪ್ಪಲಿಲ್ಲ. ಅಮ್ಮ, "ನಾಯಿ ಮನೆಗೆ ಬರ್ಲಿ ಅತ್ತೆ, ಆಮೇಲೆ ಬೈಯೋಣ" ಎಂದು ಒಪ್ಪಿಸಿದಳು.

ಬುಧವಾರ ಅಮ್ಮ ಲಾಂಡ್ರಿಗೆ ಬೀಗ ಹಾಕಿದಳು, ಸೊಸೆ ಅರ್ಧ ದಿನ ರಜೆ ಹಾಕಿದಳು. ಮೂವರೂ ದೊಡ್ಡಿಗೆ ಹೋದರು. ತಗಡಿನ ಸೂರಿನ ಉದ್ದದ ಷೆಡ್ಡು. ಸಿಮೆಂಟು ನೆಲ ಚರಂಡಿಯ ಕಡೆಗೆ ಇಳಿಜಾರು. ಎರಡೂ ಬದಿಗೆ ಸರಳಿನ ಬಾಗಿಲಿನ ಗೂಡುಗಳು, ಪ್ರತಿ ಬಾಗಿಲಿಗೂ ಒಂದೊಂದು ಸ್ಲೇಟು. ಫಿನಾಯಿಲ್ ವಾಸನೆ ಅಜ್ಜಿಗೆ ಹಳೆಯ ಪರಿಚಯ.

ಅಲ್ಲಿನ ಮೇಲ್ವಿಚಾರಕ ಮೊಣಕಾಲವರೆಗೆ ರಬ್ಬರ್ ಬೂಟು ಹಾಕಿದ ಸಣಕಲು ಮನುಷ್ಯ. ಜೇಬಿನ ಮೇಲೆ 'ಮ್ಯಾನೇಜರ್' ಎಂಬ ಬಿಲ್ಲೆ, ಬಿಲ್ಲೆಯ ಕೆಳಗೆ ಇಂಕಿನ ಕಲೆ. ಈ ಕಲೆ ಯಾವುದಕ್ಕೂ ಹೋಗುವುದಿಲ್ಲ ಎಂದು ಅಮ್ಮನಿಗೆ ಆಗಲೂ ಅನ್ನಿಸಿತು. ಅವನು ಕಾಗದ ಮುಂದಿಟ್ಟುಕೊಂಡು ಒಂದೊಂದೇ ಕೇಳಿದ. ಮನೆಯಲ್ಲಿ ಹಗಲು ಯಾರಿರುತ್ತಾರೆ? ಬೆಳಿಗ್ಗೆ ನಡೆಸುವವರು ಯಾರು? ಮಳೆ ಬಂದ ದಿನ? ಮಗು ಹುಟ್ಟಿದ ಮೇಲೆ? ನಾಯಿಗೆ ವಯಸ್ಸಾಗಿ ಮನೆಯೊಳಗೇ ಉಚ್ಚೆ ಹೊಯ್ದರೆ?

"ನಾನಿದೀನಲ್ಲ, ನಂಗೂ ವಯಸ್ಸಾಗಿದೆ, ಇಬ್ಬರದ್ದೂ ಒರೆಸ್ತಾರೆ" ಎಂದಳು ಅಜ್ಜಿ.

ಅವನು ನಗಲಿಲ್ಲ. "ಇಲ್ಲಿಗೆ ಬರೋರೆಲ್ಲ ಮರಿ ಕೇಳ್ತಾರೆ. ಬೆಳೆದ ನಾಯಿ ಬೇಕು ಅಂದವರು ಈ ತಿಂಗಳಲ್ಲಿ ನೀವೇ ಮೊದಲು. ಮುಂಚೆ ನಾಯಿ ಸಾಕಿದ್ರಾ?"

"ಇಲ್ಲ" ಎಂದಳು ಅಮ್ಮ.

"ಒಂದೂ?"

"ಇಲ್ಲ."

ಅಜ್ಜಿ ಸೂರು ನೋಡಿದಳು.

ಗೂಡುಗಳ ಸಾಲಿನಲ್ಲಿ ನಡೆದರು. ನಾಯಿಗಳು ಸರಳಿಗೆ ಮೂತಿ ಒತ್ತಿ ಬೊಗಳಿದವು. ಕೆಲವು ಬಾಲ ಅಲ್ಲಾಡಿಸಿದವು. ಮೂವತ್ತೊಂದನೆಯ ಗೂಡಿನಲ್ಲಿ ಒಂದು ಕಂದು ಬೆನ್ನು ಗೋಡೆಯ ಕಡೆ ತಿರುಗಿ ಮಲಗಿತ್ತು. ಮಡಚಿದ ಕಿವಿ ಮೇಲಿತ್ತು. ಸೊಸೆ ಅತ್ತೆಯ ಸೆರಗು ಹಿಡಿದುಕೊಂಡಳು.

"ಇದು ಬೇಡ" ಎಂದ ಮೇಲ್ವಿಚಾರಕ. "ನಾಲ್ಕು ದಿನದಿಂದ ಊಟ ಮುಟ್ಟಿಲ್ಲ. ಕೈ ಹಾಕಿದ್ರೆ ಗುರ್ ಅನ್ನುತ್ತೆ. ಹೆಸರು ಗೊತ್ತಿಲ್ಲ, ಏನಂತ ಕರೆದ್ರೂ ತಿರುಗಲ್ಲ. ಇಂಥದ್ದನ್ನ ಮಕ್ಕಳಿರೋ ಮನೆಗೆ ಕೊಡೋಕಾಗಲ್ಲ. ನಾಳೆಗೆ ಇದರ ಹದಿನೈದು ಮುಗೀತು."

ಹೇಳಿ ಅವನು ಮುಂದಿನ ಗೂಡಿಗೆ ನಡೆದ. ಅಮ್ಮ ಆ ಗೂಡಿನ ಮುಂದೆಯೇ ನಿಂತಳು. ನಾಯಿಯನ್ನು ಕರೆಯಬಾರದು ಎಂಬುದು ಅವಳಿಗೆ ನೆನಪಿತ್ತು. ಅದಕ್ಕೇ ನಾಯಿಯನ್ನು ಕರೆಯಲಿಲ್ಲ. ಹೋಗುತ್ತಿದ್ದ ಮನುಷ್ಯನನ್ನು ನಿಲ್ಲಿಸಬೇಕಿತ್ತು. ಅವನ ಹೆಸರು ಗೊತ್ತಿರಲಿಲ್ಲ, ಅಂಗಿಯ ಬಿಲ್ಲೆ ನೋಡಿದ್ದಳು. ಇಪ್ಪತ್ತು ವರ್ಷದ ಅಂಗಡಿ ನಾಲಿಗೆ ತಾನಾಗಿ ಹೊರಳಿತು.

"ಸ್ವಲ್ಪ ನಿಲ್ಲಿ, ಮ್ಯಾನೇಜರ್ರೇ."

ಮನುಷ್ಯನೂ ತಿರುಗಿದ, ನಾಯಿಯೂ ತಿರುಗಿತು.

ಮನುಷ್ಯ ಅಲ್ಲೇ ನಿಂತ. ನಾಯಿ ಎದ್ದು, ತಡವರಿಸಿ, ಸರಳಿಗೆ ಬಂದು ಬಡಿಯಿತು. ಅದರ ಗಂಟಲಿನಿಂದ ಬಂದದ್ದು ಬೊಗಳು ಅಲ್ಲ, ಊಳೂ ಅಲ್ಲ. ಅಮ್ಮನ ಸೋಪಿನ ವಾಸನೆಯ ಬೆರಳನ್ನು ಸರಳುಗಳ ನಡುವೆಯೇ ನೆಕ್ಕತೊಡಗಿತು.

"ಯಾರನ್ನ ಕರೆದ್ರಿ?" ಎಂದ ಮೇಲ್ವಿಚಾರಕ.

ಅಮ್ಮ ಅತ್ತೆಯ ಕಡೆ ನೋಡಿದಳು. ಅಜ್ಜಿ ಹೇಳಿದಳು. ಒಂದನ್ನೂ ಬಿಡದೆ ಎಲ್ಲ ಹೇಳಿದಳು.

ಅವನು ಕೂಗಾಡಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. "ಸ್ಲೇಟು ಓದ್ಕೊಂಡು ಹೋಗಿಮ್ಮ. ನೂರಹತ್ತು ನಾಯಿ ಇವೆ, ಎಲ್ಲದರ ಮೇಲೂ ಸಿಕ್ಕಿದ್ದು ಅಂತಾನೇ ಇದೆ. ಕೈ ಕೊಡು ಅಂದ್ರೆ ಕೈ ಕೊಡೋದೂ ಸಿಕ್ಕಿದ್ದು. ಕಾರಿನ ಬಾಗಿಲು ತೆಗೆದ್ರೆ ಹಿಂದಿನ ಸೀಟಿಗೆ ಹತ್ತಿ ಕೂರೋದೂ ಸಿಕ್ಕಿದ್ದು. ಈ ಊರಲ್ಲಿ ನಾಯಿ ಸಾಕೋರೇ ಇಲ್ಲ ನೋಡಿ, ಎಲ್ಲಾ ಆಕಾಶದಿಂದ ಉದುರ್ತವೆ. ಸಾಕಿದ್ದು ಅಂತ ಒಂದು ಗೀಟು ಹಾಕಿದ್ರೆ ಹೆಸರು ಗೊತ್ತಾಗ್ತಿತ್ತು, ಏನು ತಿನ್ನುತ್ತೆ ಗೊತ್ತಾಗ್ತಿತ್ತು, ಮೊದಲನೇ ದಿನವೇ ಇನ್ನೊಂದು ಮನೆ ಹುಡುಕ್ತಿದ್ವಿ. ಸಿಕ್ಕಿದ್ದು ಅಂದ್ರೆ ಬರದೇ ಇರೋ ಯಜಮಾನನಿಗೆ ಹದಿನೈದು ದಿನ ಕಾಯ್ಬೇಕು. ಅದೂ ಕಾಯುತ್ತೆ, ನಾವೂ ಕಾಯ್ತೀವಿ."

"ಈಗ ಕೊಟ್ಬಿಡಿ ಸಾರ್" ಎಂದಳು ಸೊಸೆ.

"ಆಗಲ್ಲ. ಐದು ನಿಮಿಷದ ಹಿಂದೆ ನೀವೂ ನಂಗೆ ಸುಳ್ಳೇ ಹೇಳಿದ್ರಿ. ತಂದವನು ಬರ್ಲಿ. ಅವನ ಕೈಯಲ್ಲೇ ತಿದ್ದಲಿ. ಆಮೇಲೆ ಮನೇಲಿ ಹೊಣೆ ಹೊರೋರು ಯಾರೋ ಅವರ ಹೆಸರಲ್ಲಿ ದತ್ತು ಕೊಡ್ತೀನಿ. ಅವನ ಹೆಸರಲ್ಲಿ ಕೊಡಲ್ಲ. ನಾಳೆ ಸಂಜೆ ಐದರ ಒಳಗೆ."

ಅಮ್ಮ ಬೆರಳನ್ನು ಸರಳಿನಿಂದ ಎಳೆದುಕೊಂಡಳು. ಮೂವರೂ ಬಾಗಿಲು ದಾಟುವವರೆಗೂ ನಾಯಿ ಬೊಗಳಲಿಲ್ಲ. ಇಂಜೆಕ್ಷನ್‌ಗೆಂದು ಕರೆತಂದವನು ಬಿಟ್ಟುಹೋದಾಗಲೂ ಅದು ಬೊಗಳಿರಲಿಲ್ಲವಂತೆ.

ಸಂಜೆ ಮಗನಿಗೆ ವಿಷಯ ಹೇಳಿದಾಗ ಅವನು ಶೂ ಕೂಡ ಬಿಚ್ಚಿರಲಿಲ್ಲ. "ಒಂದು ಕೆಲಸ ನೆಟ್ಟಗೆ ಮಾಡೋಕಾಗ್ಲಿಲ್ವಾ ಅಮ್ಮ ನಿಂಗೆ? ಬಾಯಿ ಮುಚ್ಕೊಂಡು ಇರಿ ಅಂತ ತಾನೇ ಹೇಳಿದ್ದು?"

"ಮುಚ್ಕೊಂಡೇ ಇದ್ದೆ ಕಣೋ. ಅದು ನನ್ನ ಬಾಯಲ್ಲ, ಅಂಗಡಿ ಬಾಯಿ."

"ನಾನು ಹೋಗಲ್ಲ. ಬೋರ್ಡಲ್ಲಿ ಹೆಸರು ಬಂದ್ರೆ ಷೋರೂಮಲ್ಲಿ ತಲೆ ಎತ್ಕೊಂಡು ಓಡಾಡೋಕಾಗುತ್ತಾ? ಅಲ್ಲಿ ನೂರಿವೆ ಅಂದ್ರಲ್ಲ, ಬೇರೆ ನಾಯಿ ತಂದ್ಕೊಳ್ಳಿ. ಪುಣ್ಯಾನೂ ಬರುತ್ತೆ."

"ಬೇರೆ ಅಜ್ಜೀನೂ ತರ್ತೀಯಾ?" ಎಂದಳು ಅಜ್ಜಿ.

"ಎಲ್ಲದಕ್ಕೂ ವ್ಯಂಗ್ಯ ಬೇಡ ಅಜ್ಜಿ. ಒಂದು ನಾಯಿ ಅದು. ನಾಯಿ."

ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮದುವೆಯಾದ ಮೇಲೆ ಎಲ್ಲರೆದುರಿಗೆ ಗಂಡನ ಜೊತೆ ಅವಳು ಜಗಳವಾಡಿದ್ದಿಲ್ಲ. ಅಂದೂ ಜಗಳವಾಡಲಿಲ್ಲ. ಔಷಧಿ ಅಂಗಡಿಯಲ್ಲಿ ಚೀಟಿ ಓದಿ ಗಿರಾಕಿಯನ್ನು ವಿಚಾರಿಸುವಂತೆ ಕೇಳಿದಳು.

"ಹುಟ್ಟೋದು ನೀವು ಅಂದ್ಕೊಂಡ ಹಾಗೆ ಇಲ್ದೇ ಹೋದ್ರೆ? ಕಿವಿ ಒಂದು ಮಡಚಿದ್ರೆ? ನಂಗೆ ಕಾಲು ಕೈ ಬಿದ್ದುಹೋದ್ರೆ? ಯಾವ ಕೌಂಟರ್‌ಗೆ ಕರ್ಕೊಂಡು ಹೋಗ್ತೀರ? ಯಾವ ಚೌಕಕ್ಕೆ ಗೀಟು ಹಾಕ್ತೀರ?"

"ಏನು ಮಾತು ಅಂತ ಆಡ್ತಿದೀಯ ನೀನು?"

"ಕೇಳ್ತಿದೀನಿ ಅಷ್ಟೆ. ನಂಗೆ ಮೊದಲೇ ಗೊತ್ತಿದ್ರೆ ಒಳ್ಳೇದು."

ಮಗ ಅಪ್ಪನ ಕಡೆ ನೋಡಿದ. ಅಪ್ಪ ಗ್ರೀಸ್ ಹತ್ತಿದ ಉಗುರನ್ನು ಕಡ್ಡಿಯಿಂದ ಕೆರೆಯುತ್ತಿದ್ದ. ತಲೆ ಎತ್ತದೆ ಹೇಳಿದ. "ಲಿಫ್ಟ್ ನಿಂತುಹೋದಾಗ ಒಳಗಿರೋರು ನನ್ನ ಸಂಬಳ, ಹೆಸರು ಕೇಳಲ್ಲ. ಬಂದ್ಯಾ ಅಂತ ಕೇಳ್ತಾರೆ. ನಾಳೆ ನಾನು ರಜೆ ಹಾಕಿದೀನಿ. ನೀನೂ ಹಾಕು."

ಗುರುವಾರ ಮಧ್ಯಾಹ್ನ ಐದೂ ಜನ ದೊಡ್ಡಿಗೆ ಹೋದರು. ಕೌಂಟರಿನ ಮುಂದೆ ಒಬ್ಬನೇ ಇದ್ದ. ಇಸ್ತ್ರಿ ಶರ್ಟು, ಹೊಳೆಯುವ ಬೂಟು, ಕೈಯಲ್ಲಿ ಕಾರಿನ ಬೀಗದ ಕೈ. ಪಕ್ಕದಲ್ಲಿ ಮೂತಿಯೆಲ್ಲ ನೆರೆತ ಮುದಿ ಹೆಣ್ಣು ನಾಯಿ. ಕೊರಳಲ್ಲಿ ಪಟ್ಟಿಯಿರಲಿಲ್ಲ, ಪಟ್ಟಿಯಿದ್ದ ಜಾಗದಲ್ಲಿ ಕೂದಲು ಸವೆದು ಗೆರೆ ಬಿದ್ದಿತ್ತು. ಅದು ಅವನ ಕಾಲಿಗೆ ಒರಗಲು ಬಂದಾಗ ಅವನು ಮೆಲ್ಲಗೆ "ಕೂತ್ಕೋ" ಎಂದ. ಅದು ಕುಳಿತಿತು.

"ಸಿಕ್ಕಿದ್ದಾ, ಸಾಕಿದ್ದಾ?" ಎಂದು ಕೇಳಿದ ಕಿಟಕಿಯ ಗುಮಾಸ್ತ, ತಲೆ ಎತ್ತದೆ.

"ಸಿಕ್ಕಿದ್ದು. ನಮ್ಮ ರಸ್ತೇಲಿ. ಪಾಪ, ಯಾರೋ ಬಿಟ್ಟು ಹೋಗಿದಾರೆ."

ಅಜ್ಜಿ ಮುಂದೆ ಹೆಜ್ಜೆಯಿಟ್ಟಳು. ಅಪ್ಪ ಅವಳ ತೋಳು ಹಿಡಿದ. ಆ ಮನುಷ್ಯ ಗೀಟು ಹಾಕಿ, ಸಹಿ ಮಾಡಿ, ಹಳದಿ ರಸೀದಿಯನ್ನು ನಾಲ್ಕಾಗಿ ಮಡಚಿ ಹಿಂದಿನ ಜೇಬಿಗಿಟ್ಟುಕೊಂಡು ಹೊರಟುಹೋದ. ಒಟ್ಟು ಮೂರು ನಿಮಿಷ. ನಾಯಿ ಏಳಲಿಲ್ಲ. ಕುಳಿತಲ್ಲಿಂದಲೇ ಕತ್ತು ಹೊರಳಿಸಿ ಬಾಗಿಲನ್ನು ನೋಡುತ್ತಿತ್ತು.

ಮಗ ಕಿಟಕಿಗೆ ಹೋದ. ಗುಮಾಸ್ತ ಹಳೆಯ ಹಾಳೆ ತೆಗೆದು ಮುಂದಿಟ್ಟ. ಮಗ ಪೆನ್ನು ತೆಗೆದುಕೊಂಡ. ಅವನ ಕತ್ತು ಕೆಂಪಾಗಿದ್ದು ಹಿಂದೆ ನಿಂತವರಿಗೆಲ್ಲ ಕಾಣುತ್ತಿತ್ತು. 'ಸಿಕ್ಕಿದ್ದು' ಎಂಬುದರ ಗೀಟು ಹೊಡೆದುಹಾಕಿ 'ಸಾಕಿದ್ದು' ಎಂಬುದಕ್ಕೆ ಹಾಕಿದ. ಹೆಸರು ಎಂಬಲ್ಲಿ 'ಮ್ಯಾನೇಜರ್' ಎಂದು ಬರೆದ. ಕೆಳಗೆ ತನ್ನದನ್ನು ಬರೆದು ಸಹಿ ಹಾಕಿದ.

"ಬೋರ್ಡಲ್ಲಿ ಬರುತ್ತೆ" ಎಂದ ಗುಮಾಸ್ತ.

"ಗೊತ್ತು." ಪೆನ್ನು ವಾಪಸ್ಸು ಕೊಡದೆ ಅವನು ಮುದಿ ನಾಯಿಯನ್ನು ನೋಡಿದ. "ಸಾರ್, ಆ ಹಾಳೇನೂ ತಿದ್ದಿ. ಇದು ಸಿಕ್ಕಿದ್ದಲ್ಲ. ಅವನು ಕೂತ್ಕೋ ಅಂದ, ಇದು ಕೂತ್ಕೊಳ್ತು. ನಾನು ಕೇಳಿಸ್ಕೊಂಡಿದೀನಿ. ಬೇಕಾದ್ರೆ ಸಾಕ್ಷಿ ಸಹಿ ಹಾಕ್ತೀನಿ."

ಗುಮಾಸ್ತ ಮೊದಲ ಸಲ ತಲೆ ಎತ್ತಿದ. ಹಾಳೆಯನ್ನು ಎಳೆದುಕೊಂಡ.

ದತ್ತು ಪತ್ರಕ್ಕೆ ಸೊಸೆ ಸಹಿ ಹಾಕಿದಳು. ಊಟ, ಇಂಜೆಕ್ಷನ್, ಆಪರೇಷನ್, ಕೊರಳಲ್ಲಿ ವಿಳಾಸದ ಬಿಲ್ಲೆ, ವರ್ಷಕ್ಕೆ ಎರಡು ಸಲ ಮನೆ ನೋಡಲು ಬರುವವರಿಗೆ ಬಾಗಿಲು ತೆರೆಯುವುದು, ಒಂದೊಂದನ್ನೂ ಓದಿಯೇ ಹಾಕಿದಳು. ಮೇಲ್ವಿಚಾರಕ ಮೂವತ್ತೊಂದನೆಯ ಗೂಡಿನ ಚಿಲಕ ತೆಗೆದ.

ನಾಯಿ ಓಡಿ ಬಂತು. ಊಟ ಹಾಕಿದ ಅಜ್ಜಿಯನ್ನು ದಾಟಿತು, ಹನಿ ಹಾಕಿದ ಸೊಸೆಯನ್ನು, ಬಾಚಿದ ಅಮ್ಮನನ್ನು, ನಡೆಸಿದ ಅಪ್ಪನನ್ನು ದಾಟಿ ನೇರವಾಗಿ ಮಗನ ಎದೆಗೆ ಕಾಲಿಟ್ಟು ಮುಖ ನೆಕ್ಕಿತು. ಕರೆತಂದವನೇ ಕರೆದೊಯ್ಯಲು ಬರುತ್ತಾನೆಂದು ಅದು ನಂಬಿಕೊಂಡಿತ್ತೋ ಏನೋ. ಮಗ ಒದ್ದೆ ನೆಲದ ಮೇಲೆ ಕುಕ್ಕರಿಸಿ ಅಳತೊಡಗಿದ.

"ನೋಡಜ್ಜಿ" ಎಂದ, ಸ್ವಲ್ಪ ಹೊತ್ತಾದ ಮೇಲೆ. "ಅದು ಕ್ಷಮಿಸಿಬಿಡ್ತು."

"ಅದು ನಾಯಿ, ಕ್ಷಮಿಸುತ್ತೆ. ನಾನು ಮನುಷ್ಯಳು." ಅಜ್ಜಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ನಾಯಿಯ ಚೈನು ತೆಗೆದು ಅವನ ಕೈಗಿಟ್ಟಳು. "ನಾಳೆಯಿಂದ ಐದಕ್ಕೆ ನೀನು ಏಳ್ತೀಯ. ನಿಮ್ಮಪ್ಪ ಮಲಗ್ಲಿ."

ಹೊರಗೆ ಬರುವಾಗ ಕೌಂಟರಿನ ಮುಂದೆ ಮುದಿ ನಾಯಿ ಹಾಗೇ ಕುಳಿತಿತ್ತು. ಗೂಡು ತೊಳೆಯುವವನು ಹಗ್ಗ ಹಾಕಿ ಎಳೆಯುತ್ತಿದ್ದ, ಅದು ನೆಲಕ್ಕೆ ಅಂಟಿದಂತೆ ಕುಳಿತಿತ್ತು. ಅವನ ಇನ್ನೊಂದು ಕೈಯಲ್ಲಿದ್ದ ಸ್ಲೇಟಿನಲ್ಲಿ 'ಸಾಕಿದ್ದು' ಎಂದು ಹೊಸದಾಗಿ ಬರೆದಿತ್ತು. ಮಗ ಬಗ್ಗಿ ಅದರ ಬೆನ್ನು ಸವರಿದ.

"ಏಳಮ್ಮಾ" ಎಂದ.

ಅದು ಅವನನ್ನು ನೋಡಲಿಲ್ಲ. ಬಾಗಿಲನ್ನು ನೋಡುತ್ತಿತ್ತು. ಕೂತ್ಕೋ ಎಂದು ಹೇಳಿದವನು ಏಳು ಎಂದು ಹೇಳಿ ಹೋಗಿರಲಿಲ್ಲ.